ಏಳು ತಿಂಗಳ ಕಬ್ಬಿಗೆ ಎಂಟು ದಿನದ ಅಂತರದಲ್ಲಿ ಎರಡು ಡ್ರೋನ್ ನಕ್ಷೆ, ಒಂದಕ್ಕೊಂದು ತಾಳೆ ಇಲ್ಲ

ಮದ್ದೂರು ಬಯಲು:

ಜಾಗ ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು. ಒಂದಕ್ಕೊಂದು ಅಂಟಿಕೊಂಡಿರುವ 40 ಎಕರೆ, ಹಲವು ರೈತರದ್ದು ಸೇರಿ. 26 ಎಕರೆ ಕಬ್ಬು, ಅದರಲ್ಲಿ ಅರ್ಧ ತನಿ (ಹೊಸದಾಗಿ ನೆಟ್ಟದ್ದು), ಅರ್ಧ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ್ದು). ತಳಿ ಸಿಓ 62175 ಮತ್ತು ವಿಸಿಎಫ್ 0517, ವಯಸ್ಸು ಏಳು ತಿಂಗಳು. ಉಳಿದ 14 ಎಕರೆ ಭತ್ತ, ಆಗಸ್ಟ್ ಮೊದಲ ವಾರ ನಾಟಿ ಆಗಿದೆ.

ಬಾಡಿಗೆ ಡ್ರೋನಿನಲ್ಲಿ ಎರಡು ಸಲ ಹಾರಿಸಿದ್ದು. ಕ್ಯಾಮರಾದಲ್ಲಿ ಹಸಿರು, ಕೆಂಪು, ರೆಡ್ ಎಡ್ಜ್ (ಕೆಂಪಿಗೂ ಇನ್‌ಫ್ರಾರೆಡ್‌ಗೂ ನಡುವಿನ ಬೆಳಕು), ನಿಯರ್ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಹೀಗೆ ನಾಲ್ಕು ಬ್ಯಾಂಡ್. ಎತ್ತರ 60 ಮೀಟರ್.

ಮೊದಲನೇ ಹಾರಾಟ ಆಗಸ್ಟ್ 12, ಮಧ್ಯಾಹ್ನ 12:30, ಬಿರುಬಿಸಿಲು. ಎರಡನೆಯದು ಆಗಸ್ಟ್ 20, ಬೆಳಗ್ಗೆ 10, ಅಲ್ಲಲ್ಲಿ ಮೋಡ. ಕೈಗೆ ಬಂದದ್ದು ಎರಡು ಪಿಡಿಎಫ್ ಎನ್‌ಡಿವಿಐ (ಬೆಳೆಯ ಹಸಿರನ್ನು ಅಂಕಿಯಲ್ಲಿ ಹೇಳುವ ಸೂಚ್ಯಂಕ) ನಕ್ಷೆ. ಮೊದಲನೆಯದರಲ್ಲಿ ಕಬ್ಬೆಲ್ಲ ಒಂದೇ ಕಡುಹಸಿರು, ಮಧ್ಯೆ ಹಾರಾಟದ ದಿಕ್ಕಿಗೇ ಮಾಸಲು ಪಟ್ಟೆಗಳು. ಭತ್ತದಲ್ಲಿ ಸುಣ್ಣ ಎರಚಿದ ಹಾಗೆ ಬಿಳಿ ಕಲೆ. ಎರಡನೆಯದರಲ್ಲಿ ಅದೇ ಕಬ್ಬಿನಲ್ಲಿ ದೊಡ್ಡ ದೊಡ್ಡ ಕೆಂಪು ತೇಪೆ. ಎಂಟು ದಿನದಲ್ಲಿ ಅಷ್ಟು ಹದಗೆಡಲು ಕಾರಣವೇ ಇಲ್ಲ, ನೀರು ಗೊಬ್ಬರ ಎಲ್ಲ ಸರಿಯಾಗಿದೆ.

ಬೆಳಕಿನ ಅಳತೆ ಹೊಂದಿಸೋಕೆ ಇಡುವ ಬಿಳಿ ಹಲಗೆ (ಪ್ಯಾನೆಲ್) ಇಟ್ಟು ಫೋಟೊ ತೆಗೆಯಲಿಲ್ಲ. ಡ್ರೋನ್ ತಲೆಯ ಮೇಲೆ ಬೆಳಕಿನ ಸೆನ್ಸರ್ ಇದೆ, ಪ್ಯಾನೆಲ್ ಬೇಕಾಗಲ್ಲ ಅಂದರು ಬಾಡಿಗೆ ಡ್ರೋನಿನವರು.

ಯಾವ ನಕ್ಷೆ ನಂಬೋದು? ಕೆಂಪು ಇರುವ ಕಡೆ ಯೂರಿಯಾ ಕೊಡಬಹುದಾ? ಇಷ್ಟಕ್ಕೆ ಬಿಟ್ಟಿ ಸಿಗುವ ಉಪಗ್ರಹದ ಚಿತ್ರವೇ ಸಾಕಾಗುತ್ತಾ?

ರೆಕ್ಕೆ:

ಹನ್ನೆರಡನೇ ತಾರೀಕಿನದ್ದೇ ಸರಿ ಸರ್. ಕ್ಯಾಮರಾ ಕೈಪಿಡಿಯಲ್ಲೇ ಇದೆ, ಸೂರ್ಯ ನೆತ್ತಿಗೆ ಬಂದಾಗ ಹಾರಿಸಬೇಕು, ನೆರಳು ಕಮ್ಮಿ ಅಂತ. ಮೋಡ ಇದ್ದ ದಿನದ್ದನ್ನು ಬಿಸಾಕಿ.

ತೆವರಿ:

ಮೋಡದ ಮಾತು ಒಪ್ಪುತ್ತೇನೆ. ನೆತ್ತಿ ಸೂರ್ಯನ ಮಾತು ಮಂಡ್ಯಕ್ಕೆ ಆಗಿಬರೋದಿಲ್ಲ ರೆಕ್ಕೆಯವರೇ. ಆ ಕೈಪಿಡಿಗಳು 40–50 ಡಿಗ್ರಿ ಉತ್ತರ ಅಕ್ಷಾಂಶದವರಿಗೆ ಬರೆದವು, ಅಲ್ಲಿ ಬೇಸಿಗೆಯಲ್ಲೂ ಸೂರ್ಯ ನೆತ್ತಿಗೆ ಬರೋದಿಲ್ಲ. ನಾವಿರೋದು ಹನ್ನೆರಡೂವರೆ ಡಿಗ್ರಿ ಆಸುಪಾಸಿನಲ್ಲಿ. ಏಪ್ರಿಲ್ ಕೊನೆ ವಾರ ಒಮ್ಮೆ, ಆಗಸ್ಟ್ ಮೂರನೇ ವಾರ ಇನ್ನೊಮ್ಮೆ ಸೂರ್ಯ ಸರಿಯಾಗಿ ನಮ್ಮ ನೆತ್ತಿ ಮೇಲೆ ಹಾಯುತ್ತಾನೆ. ಗಡಿಯಾರದ ಪ್ರಕಾರ ಆಗ ನಿಜವಾದ ನಡುಹಗಲು 12:25ರ ಹತ್ತಿರ, ಯಾಕೆಂದರೆ ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಮದ್ದೂರು 77ರಲ್ಲಿದೆ. ಆಗಸ್ಟ್ 12ರ 12:30 ಅಂದರೆ ಆರಿಸಿ ಆರಿಸಿ ಕೆಟ್ಟ ಮುಹೂರ್ತವನ್ನೇ ಹಿಡಿದ ಹಾಗೆ.

ಆಗುವುದೇನೆಂದರೆ, ಸೂರ್ಯನಿಗೆ ಬೆನ್ನು ಮಾಡಿ ನೋಡಿದಾಗ ಯಾವ ಎಲೆಯ ನೆರಳೂ ಕಾಣೋದಿಲ್ಲ, ಆ ಜಾಗ ಸುತ್ತಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ಇದಕ್ಕೆ ಹಾಟ್‌ಸ್ಪಾಟ್ ಅಂತಾರೆ. ಪರೀಕ್ಷೆ ಸುಲಭ. ಡ್ರೋನಿನವರ ಹತ್ತಿರ ಮೂಲ ಟಿಫ್ ಫೋಟೊಗಳನ್ನು ಇಸ್ಕೊಂಡು, ಕಬ್ಬಿನ ನಡುವಿನದೊಂದನ್ನು ತೆರೆದು ನೋಡಿ. ಫೋಟೊದ ನಟ್ಟನಡುವೆ ಡ್ರೋನಿನ ನೆರಳು ನೊಣದಷ್ಟು ಕಪ್ಪಗೆ ಕೂತಿರುತ್ತೆ, ಅದರ ಸುತ್ತ ಬೆಳಕಿನ ಬಳೆ ಇರುತ್ತೆ. ಆ ಬಳೆ ಪ್ರತಿ ಫೋಟೊದಲ್ಲೂ ಅಲ್ಲೇ ಇರುತ್ತೆ, ಹಾಗಾಗಿ ಎಲ್ಲ ಹೊಲಿದಾಗ ಹಾರಾಟದ ಸಾಲಿಗೆ ಸರಿಯಾಗಿ ಪಟ್ಟೆ ಬೀಳುತ್ತೆ. ನಿಮ್ಮ ಮಾಸಲು ಪಟ್ಟೆ ಅದೇ. ಭತ್ತದ ಬಿಳಿ ಕಲೆಗೆ ಕಾರಣ ಸ್ವಲ್ಪ ಬೇರೆ: ಗದ್ದೆಯ ನಿಂತ ನೀರು ಕನ್ನಡಿಯ ಹಾಗೆ ಸೂರ್ಯನನ್ನೇ ನೆಟ್ಟಗೆ ಕ್ಯಾಮರಾಕ್ಕೆ ತೋರಿಸಿದೆ.

ತಪ್ಪಿಸೋ ಲೆಕ್ಕ: ಸೂರ್ಯ ನೆತ್ತಿಯಿಂದ ಎಷ್ಟು ಡಿಗ್ರಿ ಜಾರಿದ್ದಾನೋ ಅದು ಕ್ಯಾಮರಾ ಒಮ್ಮೆಗೆ ನೋಡುವ ಕೋನದ ಅರ್ಧಕ್ಕಿಂತ ಹೆಚ್ಚಿರಬೇಕು. ಈಗ ಬರುವ ಮಲ್ಟಿಸ್ಪೆಕ್ಟ್ರಲ್ (ಹಲವು ಬ್ಯಾಂಡಿನ) ಕ್ಯಾಮರಾಗಳಲ್ಲಿ ಮೂಲೆಯಿಂದ ಮೂಲೆಗೆ 74 ಡಿಗ್ರಿ ಇರುವುದು ಸಾಮಾನ್ಯ, ಅರ್ಧ 37. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅಂದರೆ ನಡುಹಗಲಿಗೆ ಎರಡೂವರೆ ಗಂಟೆ ಮುಂಚೆ ಇಳಿಸಿರಬೇಕು, ಇಲ್ಲ ಎರಡೂವರೆ ಗಂಟೆ ಆದ ಮೇಲೆ ಏರಿಸಬೇಕು. ಆಗಸ್ಟಿನಲ್ಲಿ ಬೆಳಗ್ಗೆ 9ರಿಂದ 10, ಅಥವಾ ಮಧ್ಯಾಹ್ನ 3ರಿಂದ 4. ಬೆಳಗ್ಗೆ ಆದರೆ ಎಲೆ ಮೇಲಿನ ಇಬ್ಬನಿ ಪೂರಾ ಆರಿರಬೇಕು. ಡಿಸೆಂಬರಿನಲ್ಲಿ ಮಾತ್ರ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ 36 ಡಿಗ್ರಿ ದಕ್ಷಿಣಕ್ಕಿರುತ್ತಾನೆ. 37ಕ್ಕೆ ಹತ್ತಿರವೇ ಆದ್ದರಿಂದ ಆಗ ಕೈಪಿಡಿ ಹೇಳಿದಂತೆ 12ಕ್ಕೇ ಹಾರಿಸಿದರೂ ಹೆಚ್ಚು ತೊಂದರೆ ಇಲ್ಲ.

ಇಪ್ಪತ್ತನೇ ತಾರೀಕಿನ ಸಮಯ ಹೆಚ್ಚು ಕಮ್ಮಿ ಸರಿಯಿತ್ತು, ಕೆಡಿಸಿದ್ದು ಚದುರಿದ ಮೋಡ. ಡ್ರೋನ್ ತಲೆಯ ಸೆನ್ಸರ್ ಅಳೆಯೋದು ಡ್ರೋನ್ ಇರುವ ಜಾಗದ ಬೆಳಕನ್ನು. ಡ್ರೋನ್ ಬಿಸಿಲಲ್ಲಿದ್ದು ಕೆಳಗಿನ ಕಬ್ಬು ಮೋಡದ ನೆರಳಲ್ಲಿದ್ದರೆ ಆ ಸೆನ್ಸರಿಗೆ ಗೊತ್ತಾಗೋದೇ ಇಲ್ಲ. ಪೂರ್ತಿ ಮುಸುಕಿದ ಆಕಾಶ ಇದಕ್ಕಿಂತ ಎಷ್ಟೋ ಮೇಲು, ಬೆಳಕು ಕಮ್ಮಿಯಾದರೂ ಎಲ್ಲಾ ಕಡೆ ಒಂದೇ ಸಮ ಇರುತ್ತೆ. ಬಿಸಿಲು–ನೆರಳು ಆಟ ಆಡುವ ದಿನ ಹಾರಿಸಲೇಬೇಡಿ. ನಿಮ್ಮ ಕೆಂಪು ತೇಪೆಗಳ ಅಂಚು ಬದು, ಸಾಲು ಯಾವುದನ್ನೂ ಲೆಕ್ಕಿಸದೆ ಗದ್ದೆಯಿಂದ ಗದ್ದೆಗೆ ದಾಟಿದ್ದರೆ ಅದು ರೋಗ ಅಲ್ಲ, ಮೋಡ.

ಪ್ಯಾನೆಲ್ ಬೇಡ ಅಂದದ್ದು ಸೋಮಾರಿತನ. ಒಂದೇ ದಿನದ ನಕ್ಷೆಯೊಳಗೆ ಇಲ್ಲಿಗೂ ಅಲ್ಲಿಗೂ ಹೋಲಿಸೋದಾದರೆ ಹೇಗೋ ನಡೆಯುತ್ತೆ. ಎರಡು ದಿನ ಹೋಲಿಸಬೇಕಾದರೆ ಹಾರಾಟದ ಮುಂಚೆ ಒಂದು, ಮುಗಿದ ಮೇಲೆ ಒಂದು ಪ್ಯಾನೆಲ್ ಫೋಟೊ ಇರಲೇಬೇಕು. ಪ್ಯಾನೆಲನ್ನು ಸಮತಟ್ಟಾಗಿ ಇಟ್ಟು, ಡ್ರೋನನ್ನು ಕೈಯಲ್ಲಿ ಹಿಡಿದು ಸುಮಾರು ಒಂದು ಮೀಟರ್ ಮೇಲಿಂದ, ನಮ್ಮ ನೆರಳೂ ಡ್ರೋನ್ ನೆರಳೂ ಬೀಳದಂತೆ ತೆಗೆಯಬೇಕು. ಇಡುವ ಜಾಗ ಬಟಾಬಯಲು ಇರಲಿ. ಕಬ್ಬಿನ ಪಕ್ಕ ಇಟ್ಟರೆ ಎಲೆಗಳಿಂದ ಚಿಮ್ಮುವ ಇನ್‌ಫ್ರಾರೆಡ್ ಪ್ಯಾನೆಲ್ ಮೇಲೆ ಬಿದ್ದು ಅಂಕಿ ತಿರುಚುತ್ತೆ. ಬಿಳಿ ಅಂಗಿ ಹಾಕ್ಕೊಂಡು ಅದರ ಮೇಲೆ ಬಾಗಿ ನಿಂತರೂ ಅಷ್ಟೇ.

ಇನ್ನೊಂದು, ಬಹುಶಃ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು. ಪಿಡಿಎಫ್ ನಕ್ಷೆಯ ಬಣ್ಣ ನಂಬಬೇಡಿ. ಸಾಫ್ಟ್‌ವೇರ್ ಆಯಾ ದಿನದ ಕನಿಷ್ಠಕ್ಕೆ ಕೆಂಪು, ಗರಿಷ್ಠಕ್ಕೆ ಹಸಿರು ಬಳಿದುಬಿಡುತ್ತೆ. ಒಂದು ದಿನ ಎನ್‌ಡಿವಿಐ 0.30ಕ್ಕೆ ಕೆಂಪು, ಇನ್ನೊಂದು ದಿನ 0.78ಕ್ಕೂ ಕೆಂಪು. 0.78 ಇರುವ ಕಬ್ಬಿಗೆ ಏನೂ ಆಗಿರೋದಿಲ್ಲ! ದುಡ್ಡು ಕೊಡುವ ಮುಂಚೆ ಕೇಳಿ ಪಡೆಯಬೇಕಾದ್ದು: ನಾಲ್ಕೂ ಬ್ಯಾಂಡಿನ ರಿಫ್ಲೆಕ್ಟೆನ್ಸ್ ಜಿಯೋಟಿಫ್ (ಬಣ್ಣ ಬಳಿಯದ, ಪ್ರತಿಫಲನದ ಅಂಕಿಗಳೇ ಇರುವ ನಕ್ಷೆ ಕಡತ), ಪ್ರೊಜೆಕ್ಷನ್ ಯುಟಿಎಂ ವಲಯ 43 ಉತ್ತರ (ಇಪಿಎಸ್‌ಜಿ 32643), ಜೊತೆಗೆ ಮೂಲ ಫೋಟೊಗಳು ಮತ್ತು ಪ್ಯಾನೆಲ್ ಫೋಟೊಗಳು. ಕೊಡಲ್ಲ ಅಂದರೆ ಬೇರೆಯವರನ್ನು ನೋಡಿ.

ಕೂಳೆ:

ತೆವರಿಯವರು ಹೇಳಿದ್ದನ್ನೆಲ್ಲ ಸರಿಮಾಡಿದರೂ ನಿಮ್ಮ ಕಬ್ಬು ಎನ್‌ಡಿವಿಐಯಲ್ಲಿ ಒಂದೇ ಹಸಿರಾಗೇ ಬರೋದು ಕಣಣ್ಣ. ಅದು ಅಳತೆಗೋಲಿನ ಮಿತಿ. ಕಬ್ಬು ಸಾಲು ಮುಚ್ಚಿಕೊಂಡ ಮೇಲೆ ಕೆಂಪು ಬೆಳಕನ್ನು ಮೇಲಿನ ಎಲೆಗಳೇ ಪೂರ್ತಿ ಕುಡಿದುಬಿಡ್ತವೆ, ಕೆಳಗೆ ಇನ್ನೆಷ್ಟು ಎಲೆ ಇದ್ದರೂ ಅಂಕಿ ಏರೋದಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಹಾಕ್ತೀನಿ. ಸಾಧಾರಣ ಕಬ್ಬಿನಲ್ಲಿ ಇನ್‌ಫ್ರಾರೆಡ್ 0.45, ಕೆಂಪು 0.03 ಅಂತಿಟ್ಕೊಳ್ಳಿ. ಎನ್‌ಡಿವಿಐ ಅಂದರೆ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸೋದು, 0.42 ಭಾಗಿಸು 0.48, ಬಂತು 0.875. ಅದಕ್ಕಿಂತ ಒಳ್ಳೇ ಕಬ್ಬಿನಲ್ಲಿ 0.50 ಮತ್ತು 0.025, ಬಂತು 0.905. ವ್ಯತ್ಯಾಸ ಬರೀ 0.03. ಕೆಂಪಿನ ಬದಲು ರೆಡ್ ಎಡ್ಜ್ ಹಾಕಿ, ಮೊದಲನೆಯದಕ್ಕೆ 0.24, ಎರಡನೆಯದಕ್ಕೆ 0.22. ಆಗ 0.304 ಮತ್ತು 0.389. ವ್ಯತ್ಯಾಸ 0.085, ಸುಮಾರು ಮೂರು ಪಟ್ಟು. ರೆಡ್ ಎಡ್ಜ್ ಬೆಳಕು ಎಲೆ ದಾಟಿ ಇನ್ನೂ ಕೆಳಕ್ಕಿಳಿಯುತ್ತೆ, ಹಾಗಾಗಿ ಪತ್ರಹರಿತಿನ ಸುದ್ದಿ ತರುತ್ತೆ. ಇದಕ್ಕೆ ಎನ್‌ಡಿಆರ್‌ಇ ಅಂತಾರೆ. ಸಾಲು ಮುಚ್ಚಿದ ಕಬ್ಬಿಗೆ, ಹೊಡೆ ಹತ್ತಿರದ ಭತ್ತಕ್ಕೆ ಇದೇ ಬಳಸಿ. ನಿಮ್ಮ ಕ್ಯಾಮರಾದಲ್ಲಿ ಆ ಬ್ಯಾಂಡ್ ಇದ್ದೂ ಎನ್‌ಡಿವಿಐ ಕೊಟ್ಟು ಕೈ ತೊಳ್ಕೊಂಡಿದ್ದಾರೆ.

ಎಳೇ ಕಬ್ಬಿಗೆ ತೊಂದರೆ ಉಲ್ಟಾ. 60–80 ದಿನದಲ್ಲಿ ಸಾಲಿನ ನಡುವೆ ಮಣ್ಣೇ ಜಾಸ್ತಿ ಕಾಣೋದು, ಕೂಳೆಯಲ್ಲಿ ಮಣ್ಣಿನ ಬದಲು ಒಣ ತರಗು. ಸರಾಸರಿ ತೆಗೆದರೆ ಎಲೆಯ ಬಣ್ಣವೋ ನೆಲದ ಬಣ್ಣವೋ ಗೊತ್ತಾಗಲ್ಲ. 3–4 ಸೆಂ.ಮೀ. ಪಿಕ್ಸೆಲ್ ಇದ್ದರೆ ಮೊದಲು ಎನ್‌ಡಿವಿಐ ಹಿಸ್ಟೊಗ್ರಾಂ (ಯಾವ ಅಂಕಿಯ ಪಿಕ್ಸೆಲ್ ಎಷ್ಟಿವೆ ಅನ್ನೋ ಚಿತ್ರ) ನೋಡಿ, ಮಣ್ಣಿನ ಗುಡ್ಡ ಒಂದು, ಎಲೆಯ ಗುಡ್ಡ ಒಂದು ಕಾಣುತ್ತೆ. ನಡುವಿನ ತಗ್ಗಿನಲ್ಲಿ ಕತ್ತರಿಸಿ ಎಲೆ ಪಿಕ್ಸೆಲ್‌ಗಳ ಸರಾಸರಿ ಮಾತ್ರ ತೆಗೆಯಿರಿ. ನಮ್ಮ ಕೆಂಪು ಮಣ್ಣಿನಲ್ಲಿ ಆ ತಗ್ಗು ಸಾಮಾನ್ಯವಾಗಿ 0.3ರ ಆಸುಪಾಸು ಬರುತ್ತೆ, ಆದರೆ ಕುರುಡಾಗಿ ಅದನ್ನೇ ಹಾಕಬೇಡಿ. ಮಳೆ ಬಿದ್ದ ಮಾರನೇ ದಿನ ನೆಲ ಕಪ್ಪಾಗಿ ಜಾಗ ಬದಲಾಗುತ್ತೆ.

ಈಗ ಯೂರಿಯಾ ಪ್ರಶ್ನೆ. ಏಳು ತಿಂಗಳಿಗೆ ಬೇಡವೇ ಬೇಡ, ನಕ್ಷೆ ಏನೇ ಹೇಳಲಿ. ತಡವಾಗಿ ಕೊಟ್ಟ ಸಾರಜನಕ ಎಲೆ, ಮರಿ ಹೊಡೆಯೋಕೆ ಹೋಗುತ್ತೆ, ರಸದಲ್ಲಿ ಸಕ್ಕರೆ ಇಳಿಯುತ್ತೆ, ಕಬ್ಬು ಮಲಗುತ್ತೆ. ಸಾರಜನಕಕ್ಕಾಗಿ ಹಾರಿಸೋದಾದರೆ ಮೇಲುಗೊಬ್ಬರ ಕೊಡೋ ಒಂದು ವಾರ ಮುಂಚೆ, ಕಬ್ಬಿಗೆ ಎರಡರಿಂದ ಮೂರೂವರೆ ತಿಂಗಳು ಇದ್ದಾಗ.

ಆಗಲೂ ಬರೀ ಅಂಕಿಯಿಂದ ಗೊಬ್ಬರ ನಿರ್ಧಾರ ಆಗಲ್ಲ, ಪಕ್ಕದಲ್ಲಿ ಒಂದು ಹೋಲಿಕೆ ಪಟ್ಟಿ ಬೇಕು. ಆರು ಸಾಲು, 20 ಮೀಟರ್ ಉದ್ದ. ಸಾಲಿನ ಅಂತರ 4 ಅಡಿ ಆದರೆ 146 ಚದರ ಮೀಟರ್, ಒಂದೂವರೆ ಗುಂಟೆಗೆ ಚೂರು ಕಮ್ಮಿ. ಮಾಮೂಲಿ ಗೊಬ್ಬರದ ಮೇಲೆ ಹೆಕ್ಟೇರಿಗೆ 60 ಕೆ.ಜಿ. ಸಾರಜನಕದ ಲೆಕ್ಕದಲ್ಲಿ ಹೆಚ್ಚುವರಿ ಕೊಡಿ. ಯೂರಿಯಾದಲ್ಲಿ 46% ಸಾರಜನಕ, ಹಾಗಾಗಿ ಈ ಪಟ್ಟಿಗೆ 1.9 ಕೆ.ಜಿ. ಸಾಕು. ನಾಲ್ಕು ಮೂಲೆಗೆ ಬಣ್ಣದ ಗೂಟ ಹೊಡೆಯಿರಿ, ಮೂರು ವಾರ ಬಿಟ್ಟು ಹಾರಿಸಿ, ನಡುವಿನ ನಾಲ್ಕು ಸಾಲು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಗದ್ದೆಯ ಎನ್‌ಡಿಆರ್‌ಇಯನ್ನು ಪಟ್ಟಿಯದ್ದರಿಂದ ಭಾಗಿಸಿ. 0.95ಕ್ಕಿಂತ ಮೇಲಿದ್ದರೆ ಆ ಗದ್ದೆಗೆ ಈಗ ಅವಸರ ಇಲ್ಲ. ಕೆಳಗಿದ್ದರೆ ಮೇಲುಗೊಬ್ಬರ ಕೊಡಿ. ತೀರಾ ಕೆಳಗೆ ಹೋಗಿದ್ದರೆ ಚೀಲ ಬಿಚ್ಚುವ ಮೊದಲು ಇಳಿದು ನೋಡಿ. ಅಷ್ಟೊಂದು ವ್ಯತ್ಯಾಸ ಬರೀ ಸಾರಜನಕದಿಂದ ಬರೋದು ಅಪರೂಪ. ತನಿಗೊಂದು, ಕೂಳೆಗೊಂದು, ತಳಿಗೊಂದು ಪಟ್ಟಿ ಬೇರೆ ಬೇರೆ ಬೇಕು. ಎರಡು ತಳಿಯ ಎಲೆ ಬಣ್ಣ, ಎಲೆ ಬಾಗುವ ರೀತಿ ಬೇರೆ ಆದ್ದರಿಂದ ಒಂದರ ಪಟ್ಟಿ ಇನ್ನೊಂದಕ್ಕೆ ಆಗಲ್ಲ.

ಸೂಲಂಗಿ ಬಂದ ಮೇಲೆ ಹಾರಿಸಿ ಕಬ್ಬು ಒಣಗ್ತಿದೆ ಅಂತ ಗಾಬರಿ ಬೀಳೋರೂ ಇದ್ದಾರೆ. ಹೂವಿನ ಬೂದು ಬಣ್ಣಕ್ಕೆ ಎಲ್ಲ ಸೂಚ್ಯಂಕವೂ ಬೀಳುತ್ತೆ.

ಗುಂಟೆ ಲೆಕ್ಕ:

ಉಪಗ್ರಹದ ಬಗ್ಗೆ. ಬಿಟ್ಟಿ ಸಿಗುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹದ್ದು. ಅದರ ಚಿತ್ರದ ಒಂದು ಪಿಕ್ಸೆಲ್ 10 ಮೀಟರ್ × 10 ಮೀಟರ್, 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್. ಅಂದರೆ ಪಿಕ್ಸೆಲ್‌ಗೊಂದು ಗುಂಟೆ, ಎಕರೆಗೆ 40 ಪಿಕ್ಸೆಲ್! ಆದರೆ ಅಂಚಿನ ಪಿಕ್ಸೆಲ್‌ಗಳಲ್ಲಿ ಬದು, ತೆಂಗಿನ ಮರ, ಪಕ್ಕದವರ ಭತ್ತ ಎಲ್ಲ ಕಲಸಿರುತ್ತೆ. ಚೌಕಾಕಾರದ ಒಂದು ಎಕರೆಯ ಒಂದು ಬದಿ 63–64 ಮೀಟರ್. ಸುತ್ತ ಒಂದು ಸಾಲು ಪಿಕ್ಸೆಲ್ ಬಿಟ್ಟರೆ ಒಳಗೆ ಶುದ್ಧವಾಗಿ ಉಳಿಯೋದು 16ರಿಂದ 25. ಹತ್ತು ಗುಂಟೆಯ ಉದ್ದನೆ ಪಟ್ಟಿಗೆ ಒಂದೂ ಉಳಿಯೋದಿಲ್ಲ. ರೆಡ್ ಎಡ್ಜ್ ಬ್ಯಾಂಡ್‌ಗಳು 20 ಮೀಟರಿನವು, ನಾಲ್ಕು ಗುಂಟೆಗೊಂದು ಪಿಕ್ಸೆಲ್. ಸಾಲುಸಾಲಿನ ವಿವರ ಇದರಿಂದ ಸಿಗಲ್ಲ. 40 ಎಕರೆಯಲ್ಲಿ ಯಾವ ಗದ್ದೆ ಹಿಂದೆ ಬಿದ್ದಿದೆ, ಯಾವ ವಾರದಿಂದ ಬಿತ್ತು ಅನ್ನೋದು ಸಿಗುತ್ತೆ. ಅದೂ ಐದು ದಿನಕ್ಕೊಮ್ಮೆ, ಬೆಳಗ್ಗೆ 11ರ ಆಸುಪಾಸಿನ ಹಾದು ಹೋಗುವಿಕೆ, ದುಡ್ಡಿಲ್ಲದೆ.

ಈ ಚಿತ್ರ ಸಿಗುವ ಕೊಪರ್ನಿಕಸ್ ಬ್ರೌಸರ್ ಜಾಲತಾಣದಲ್ಲಿ ಖಾತೆ ಮಾಡಿ, ಗದ್ದೆಯ ಗಡಿ ಎಳೆದು, ಎಲ್2ಎ (ವಾತಾವರಣದ ಪ್ರಭಾವ ತೆಗೆದ) ದತ್ತಾಂಶ ಆರಿಸಿ. ಗಡಿಗೆ ದಿಶಾಂಕ್ ಆ್ಯಪಿನ ಸರ್ವೆ ಗೆರೆ ನೋಡಿಕೊಳ್ಳಬಹುದು, ಆದರೆ ಆ ಗೆರೆ ಕೆಲವು ಕಡೆ ಕೆಲವು ಮೀಟರ್ ಸರಿದಿರುತ್ತೆ. ಬದು ಕಣ್ಣಿಗೆ ಕಾಣುವಂತೆ ಹೊಂದಿಸಿ, ಒಳಕ್ಕೆ 10 ಮೀಟರ್ ತಗ್ಗಿಸಿ ಎಳೆಯಿರಿ.

ಒಂದು ಗುಂಡಿ ಇದೆ, ಬಹಳ ಜನ ಬಿದ್ದಿದ್ದಾರೆ. 2022ರ ಜನವರಿ 25ರಿಂದ ಹೊಸ ಸಂಸ್ಕರಣೆಯಲ್ಲಿ ಪ್ರತಿ ಅಂಕಿಗೂ 1000 ಕೂಡಿಸಿ ಕೊಡ್ತಾರೆ. ಕಡತ ಇಳಿಸಿಕೊಂಡು ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕುವವರು ಮೊದಲು 1000 ಕಳೆದು ಆಮೇಲೆ 10000ದಿಂದ ಭಾಗಿಸಬೇಕು. ಕಳೆಯದಿದ್ದರೆ 0.40 ಇನ್‌ಫ್ರಾರೆಡ್, 0.04 ಕೆಂಪು ಇರುವ ಬೆಳೆ 0.82 ತೋರಿಸುವ ಬದಲು 0.56 ತೋರಿಸುತ್ತೆ. 2021ರ ಬೆಳೆಗೆ ಈಗಿನದನ್ನು ಹೋಲಿಸಿ ಅಯ್ಯೋ ಭೂಮಿ ಸತ್ತೋಯ್ತು ಅಂದ್ಕೊಳ್ಳೋದು ಹೀಗೆ. ಬ್ರೌಸರಿನಲ್ಲೇ ನೋಡುವವರಿಗೆ ಈ ತಾಪತ್ರಯ ಇಲ್ಲ. ಗೂಗಲ್ ಅರ್ಥ್ ಎಂಜಿನ್ ಬಳಸುವವರು ಹಾರ್ಮೊನೈಸ್ಡ್ ಅಂತ ಹೆಸರಿರುವ ಸಂಗ್ರಹವನ್ನೇ ತಗೊಳ್ಳಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೋಡದಿಂದಾಗಿ ತಿಂಗಳಿಗೆ ಒಂದು ಚಿತ್ರವೂ ಸಿಗದೆ ಇರಬಹುದು. ತೆಳು ಮೋಡದ ಪಿಕ್ಸೆಲ್‌ಗಳನ್ನು ಅದರ ಜೊತೆಗೇ ಬರುವ ವರ್ಗೀಕರಣ ಪದರದಿಂದ ತೆಗೆಯಿರಿ, ಮೋಡದ ನೆರಳಿನದ್ದನ್ನೂ. ಭತ್ತ ನಾಟಿ ಎಲ್ಲಿ ಯಾವಾಗ ಆಯ್ತು ಅಂತ ತಿಳಿಯೋಕೆ ಸೆಂಟಿನೆಲ್-1 ರಡಾರ್ ಸಾಕು, ಅದಕ್ಕೆ ಮೋಡ ಅಡ್ಡಿಯಲ್ಲ. ನೀರು ಕಟ್ಟಿದ ಗದ್ದೆ ಅದರಲ್ಲಿ ಕಪ್ಪಗೆ ಕಾಣುತ್ತೆ, ಪೈರು ಎದ್ದಂತೆ ಬೆಳ್ಳಗಾಗುತ್ತೆ.

ಮದ್ದೂರು ಬಯಲು:

ಎಲ್ಲರಿಗೂ ಧನ್ಯವಾದ. ಮೂಲ ಫೋಟೊಗಳು ಸಿಕ್ಕವು. ತೆವರಿ ಸರ್ ಹೇಳಿದ ನೆರಳು ಹನ್ನೆರಡನೇ ತಾರೀಕಿನ ಪ್ರತಿ ಫೋಟೊದ ನಡುವೆಯೂ ಇದೆ. ಇಪ್ಪತ್ತನೇ ತಾರೀಕಿನದರಲ್ಲಿ ಮೋಡದ ನೆರಳು ಬೀಳದ ಹಾರಾಟದ ಮೂರು ಸಾಲುಗಳನ್ನಷ್ಟೇ ಉಳಿಸಿಕೊಂಡು ಎನ್‌ಡಿಆರ್‌ಇ ಮಾಡಿದ್ದಾಯ್ತು. ಅದರಲ್ಲಿ ಮೂರು ಜಾಗ ಬೇರೆ ಕಾಣುತ್ತವೆ.

ಒಂದು, ತನಿ ಕಬ್ಬಿನಲ್ಲಿ ಎರಡು ಸಾಲಗಲದ ಗೆರೆಗಳು, ಕಾಲುವೆ ಕಡೆ ಹಸಿರು, ದೂರ ಹೋದ ಹಾಗೆ ಮಾಸಲು. ಎರಡು, ಕೂಳೆಯಲ್ಲಿ ಎಂಟು ಮೀಟರ್ ಅಡ್ಡದ ದುಂಡು ತೇಪೆ. ಮೂರು, ಬಸಿಗಾಲುವೆ ಪಕ್ಕದ ತಗ್ಗಿನಲ್ಲಿ ಬೆಣೆಯಾಕಾರದ ಜಾಗ, ಹನ್ನೆರಡು ಗುಂಟೆ ಇರಬಹುದು.

ಎರಡನೇ ತೂಬು:

ಆಕಾರ ಚೆನ್ನಾಗಿ ಬರೆದಿದ್ದೀರಿ, ಅರ್ಧ ಕೆಲಸ ಅದೇ. ನೇರ ಗೆರೆ ಇದ್ದರೆ ಮನುಷ್ಯನ ಕೈವಾಡ, ದುಂಡಗಿದ್ದರೆ ಹುಳು ಅಥವಾ ರೋಗ, ನೆಲದ ಇಳಿಜಾರಿಗೆ ಹೊಂದಿಕೊಂಡಿದ್ದರೆ ನೀರು ಅಥವಾ ಮಣ್ಣು. ಹತ್ತಕ್ಕೆ ಎಂಟು ಸಲ ಈ ಲೆಕ್ಕ ಹೊಂದುತ್ತೆ, ಉಳಿದೆರಡಕ್ಕೆ ಕಾಲಲ್ಲೇ ಹೋಗಬೇಕು.

ಮೊದಲನೆಯದು ನೀರು ಅಂತ ಕಾಣುತ್ತೆ. ಆ ಸಾಲುಗಳಿಗೆ ನೀರು ತುದಿ ಮುಟ್ಟೋ ಮುಂಚೆ ಮಡೆ ತಿರುಗಿಸ್ತಿದ್ದಾರೆ. ಗೊಬ್ಬರ ತಪ್ಪಿದ್ದಿದ್ದರೆ ಗೆರೆ ಆರಂಭದಿಂದ ಕೊನೆವರೆಗೆ ಒಂದೇ ಸಮ ಮಾಸಲಾಗಿರುತ್ತಿತ್ತು, ಹೀಗೆ ಕ್ರಮೇಣ ಬಾಡುತ್ತಿರಲಿಲ್ಲ. ಮುಂದಿನ ನೀರಿನ ಸರದಿಯಲ್ಲಿ ತುದಿಯಲ್ಲಿ ಒಂದು ಅಡಿ ಅಗೆದು ಹಿಡಿ ಮಣ್ಣು ಅದುಮಿ ನೋಡಿ, ಉಂಡೆ ಕಟ್ಟದೆ ಉದುರಿದರೆ ತಿಳಿಯುತ್ತೆ.

ದುಂಡು ತೇಪೆಗೆ ಹೋದಾಗ ನಡುವಿನ ಗುಡಿಯನ್ನಲ್ಲ (ಒಂದೇ ಬುಡದ ಕಬ್ಬಿನ ಗುಂಪು), ಅಂಚಿನ ಗುಡಿಯನ್ನು ಹಿಡಿದು ಜಗ್ಗಿ. ನಡುವಿನವು ಸತ್ತು ಸುಳಿವು ಅಳಿಸಿ ಹೋಗಿರುತ್ತೆ. ಗುಡಿ ಬೇರಿಲ್ಲದ ಹಾಗೆ ಸಲೀಸಾಗಿ ಎದ್ದು ಬಂದರೆ ಗೊಣ್ಣೆ ಹುಳು. ಬುಡದಲ್ಲಿ ಒಂದಡಿ ಅಗೆದು, ಇಂಗ್ಲಿಷ್ ಸಿ ಅಕ್ಷರದ ಹಾಗೆ ಮುರುಟಿದ ಬಿಳಿ ಹುಳ ಎಣಿಸಿ. ಆಗಸ್ಟ್–ಸೆಪ್ಟೆಂಬರ್ ಅದರ ಹೊತ್ತು. ಗುಡಿ ಗಟ್ಟಿಯಾಗಿದ್ದು ಮೇಲಿನ ಎಲೆ ಒಣಗುತ್ತಿದ್ದರೆ ಒಂದು ಜಲ್ಲೆ ಕಡಿದು ಉದ್ದಕ್ಕೆ ಸೀಳಿ. ಒಳಗೆ ಕೆಂಪು, ನಡುವೆ ಅಡ್ಡಡ್ಡ ಬಿಳಿ ಪಟ್ಟಿ, ಹುಳಿ ನಾತ ಬಂದರೆ ಕೆಂಪು ಕೊಳೆ ರೋಗ. ಹಾಗಿದ್ದರೆ ಆ ಗುಡಿಗಳನ್ನು ಬೇರುಸಹಿತ ತೆಗೆದು ಸುಡಬೇಕು, ಆ ಗದ್ದೆಯಿಂದ ಬಿತ್ತನೆ ತಗೊಳ್ಳಬಾರದು, ಇನ್ನೊಂದು ಕೂಳೆ ಬಿಡಬಾರದು.

ಬೆಣೆ ಜಾಗ ಚೌಳು ಅನ್ನೋದು ನನ್ನ ಅನುಮಾನ, ನಾಲೆ ಬಯಲಿನ ತಗ್ಗಿನಲ್ಲಿ ಮಾಮೂಲು. ಬಸಿಗಾಲುವೆಯಲ್ಲಿ ಹೂಳು, ಜೊಂಡು ತುಂಬಿದ್ದರೆ ಅದೇ ಮೂಲ. ಬೆಣೆಯೊಳಗೆ ಮೂರು ಕಡೆ, ಹೊರಗಿನ ಒಳ್ಳೇ ಜಾಗದಲ್ಲಿ ಮೂರು ಕಡೆ ಮಣ್ಣು ತೆಗೆಯಿರಿ. 0–30 ಸೆಂ.ಮೀ. ಒಂದು ಚೀಲ, 30–60 ಇನ್ನೊಂದು ಚೀಲ. ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಇಲ್ಲ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ. ರಸಸಾರ (ಪಿಎಚ್) 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ. ಬರೀ ಉಪ್ಪು ಜಾಸ್ತಿ ಇದ್ದರೆ ಜಿಪ್ಸಂ ದಂಡ, ಬಸಿಗಾಲುವೆ ತೋಡಿ ನೀರು ಹಾಯಿಸಿ ತೊಳೆಯೋದೇ ದಾರಿ. ವಿದ್ಯುತ್ ವಾಹಕತೆ (ಮಣ್ಣಿನ ಉಪ್ಪಿನ ಅಳತೆ) 4 ದಾಟಿದರೆ ಚೌಳು ಅಂತ ಪುಸ್ತಕದಲ್ಲಿರೋದು ಮಣ್ಣಿನ ಸಂತೃಪ್ತ ರಸಕ್ಕೆ (ನೀರು ಕುಡಿದು ತುಂಬಿದ ಮಣ್ಣಿನಿಂದ ಹಿಂಡಿದ್ದು). ಲ್ಯಾಬಿನವರು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೀತಾರೆ, ಅಂಕಿ ಅದಕ್ಕಿಂತ ಎಷ್ಟೋ ಕಮ್ಮಿ ಬರುತ್ತೆ. ಚೀಟಿಯಲ್ಲಿ 4ಕ್ಕಿಂತ ಕಮ್ಮಿ ಇದೆ, ಪರವಾಗಿಲ್ಲ ಅಂದ್ಕೋಬೇಡಿ.

ಹಳದಿ ಕಂಡರೆ ಯಾವ ಎಲೆ ಅಂತ ಗಮನಿಸಿ. ಕೆಳಗಿನ ಹಳೇ ಎಲೆ ತುದಿಯಿಂದ ಹಳದಿಯಾದರೆ ಸಾರಜನಕ. ಸುಳಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಬೇಕಾದ್ದು ಅದಕ್ಕೆ. ಮೇಲಿಂದ ಎರಡೂ ಒಂದೇ ಮಾಸಲು. ಯಾವ ಕ್ಯಾಮರಾವೂ ಇದನ್ನು ಬಿಡಿಸಿ ಹೇಳೋದಿಲ್ಲ.

ಜಾಗ ಹುಡುಕೋಕೆ ಕ್ಯೂಜಿಐಎಸ್‌ನಲ್ಲಿ ಪ್ರತಿ ತೇಪೆಗೂ ಬಿಂದು ಹಾಕಿ ಕ್ಯೂಫೀಲ್ಡ್ ಆ್ಯಪಿಗೆ ಕಳಿಸಿ. ಏಳು ತಿಂಗಳ ಕಬ್ಬಿನೊಳಗೆ ಹತ್ತು ಹೆಜ್ಜೆ ಹೋದರೆ ದಿಕ್ಕೇ ತಪ್ಪುತ್ತೆ, ಬದುವಿನಿಂದ ಎಷ್ಟನೇ ಸಾಲು ಅಂತ ಎಣಿಸಿ ಬರೆದುಕೊಂಡು ನುಗ್ಗಿ. ಎಲೆಯ ಗರಗಸ ಕೈ ಕೊಯ್ಯುತ್ತೆ, ತುಂಬು ತೋಳಿನ ಅಂಗಿ ಇರಲಿ.

ರೆಕ್ಕೆ:

ನೆತ್ತಿ ಸೂರ್ಯನ ವಿಚಾರದಲ್ಲಿ ನಂದು ತಪ್ಪು, ಕೈಪಿಡಿ ಕಂಠಪಾಠ ಮಾಡಿದ್ದರ ಫಲ. ಹಾರಾಟದ ಅಳತೆ ನಾನು ಕೊಡ್ತೀನಿ.

60 ಮೀಟರ್ ಕಬ್ಬಿಗೆ ತಗ್ಗಾಯ್ತು. ಗಾಳಿಗೆ ಎಲೆ ಅಲ್ಲಾಡಿದರೆ ಎರಡು ಫೋಟೊದಲ್ಲಿ ಒಂದೇ ಎಲೆ ಬೇರೆ ಕಡೆ ಇರುತ್ತೆ, ಹೊಲಿಯೋ ಸಾಫ್ಟ್‌ವೇರಿಗೆ ಜೋಡಿ ಸಿಗದೆ ನಕ್ಷೆಯಲ್ಲಿ ತೂತು ಬೀಳುತ್ತೆ. 90 ಮೀಟರಿಗೆ ಏರಿಸಿ. ಅಗಲಕ್ಕೆ 2592 ಪಿಕ್ಸೆಲ್, ಕರ್ಣ 74 ಡಿಗ್ರಿ ಇರುವ ಕ್ಯಾಮರಾಕ್ಕೆ ಅಲ್ಲಿಂದ ಪಿಕ್ಸೆಲ್ 4.2 ಸೆಂ.ಮೀ., ಒಂದು ಫೋಟೊ 108 ಮೀಟರ್ ಅಗಲ, 81 ಮೀಟರ್ ಉದ್ದ. ಪಕ್ಕದ ಸಾಲಿನ ಫೋಟೊ ಒಂದರ ಮೇಲೊಂದು 75% ಬೀಳುವಂತೆ ಇಟ್ಟರೆ ಸಾಲಿನ ಅಂತರ 27 ಮೀಟರ್, ಅದೇ ಸಾಲಿನ ಮುಂದಿನ ಫೋಟೊ 80% ಬೀಳುವಂತೆ ಇಟ್ಟರೆ 16 ಮೀಟರಿಗೊಂದು ಫೋಟೊ. 40 ಎಕರೆ ಅಂದರೆ ಹೆಚ್ಚು ಕಮ್ಮಿ 400 ಮೀಟರ್ ಚೌಕ, 15 ಸಾಲು, 6 ಕಿ.ಮೀ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ 20 ನಿಮಿಷ, ತಿರುವು ಸೇರಿ 23. ಬೆಳಗ್ಗೆ 9:15ಕ್ಕೆ ಏರಿಸಿದರೆ 9:40ಕ್ಕೆ ಮುಗೀತು. ಗಾಳಿ ಸೆಕೆಂಡಿಗೆ 5 ಮೀಟರ್ ಮೀರಿದರೆ ಬೇಡ. ಆಷಾಢದ ಗಾಳಿಯಲ್ಲಂತೂ ಆಸೆಯೇ ಬಿಡಿ.

ಆರ್‌ಟಿಕೆ (ಸೆಂಟಿಮೀಟರ್ ನಿಖರತೆಯ ಜಿಪಿಎಸ್) ಇಲ್ಲದಿದ್ದರೆ ಎರಡು ದಿನದ ನಕ್ಷೆ ಎರಡು ಮೂರು ಮೀಟರ್ ಆಚೀಚೆ ಕೂರುತ್ತೆ, ನಾಲ್ಕಡಿ ಸಾಲಿನ ಕಬ್ಬಲ್ಲಿ ಅಂದರೆ ಎರಡು ಸಾಲು ಅದಲು ಬದಲು. ಮೋರಿಯ ಮೂಲೆ, ತೂಬಿನ ಕಾಂಕ್ರೀಟ್ ಹೀಗೆ ಅಲ್ಲಾಡದ ಐದು ಜಾಗಕ್ಕೆ ಸುಣ್ಣದಲ್ಲಿ ಗುಣಾಕಾರ ಚಿಹ್ನೆ ಬಳಿದು, ಎರಡೂ ದಿನ ಅದಕ್ಕೇ ಹೊಂದಿಸಿ.

ಕಾನೂನು: ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಅನುಮತಿ ಬೇಕಿಲ್ಲ. ಆದರೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ಪ್ರತಿ ಸಲವೂ ನೋಡಿ. ಮೈಸೂರು ಕಡೆಯವರಿಗೆ ಮಂಡಕಳ್ಳಿ ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ ಹಸಿರು ಮಿತಿ 200 ಅಡಿ ಮಾತ್ರ. ಬಾಡಿಗೆಗೆ ಹಾರಿಸುವವರ ಹತ್ತಿರ ರಿಮೋಟ್ ಪೈಲಟ್ ಸರ್ಟಿಫಿಕೇಟ್, ಡ್ರೋನಿಗೆ ನೋಂದಣಿ ಸಂಖ್ಯೆ ಎರಡೂ ಕೇಳಿ.

ಮದ್ದೂರು ಬಯಲು:

ದುಂಡು ತೇಪೆ ಗೊಣ್ಣೆ ಹುಳುವೇ, ಒಂದು ಗುಡಿಯ ಬುಡದಲ್ಲಿ ನಾಲ್ಕು ಸಿಕ್ಕವು. ಮಣ್ಣು ಲ್ಯಾಬಿಗೆ ಹೋಗಿದೆ. ಒಂದು ಉಳಿದಿದೆ: ಪೂರ್ವದ ಬದುವಿನಲ್ಲಿ ಸಾಲಾಗಿ ತೆಂಗು, 20 ಮೀಟರ್ ಎತ್ತರ. ಬೆಳಗ್ಗೆ 9:30ಕ್ಕೆ ಹಾರಿಸಿದರೆ ಅದರ ನೆರಳು ಕಬ್ಬಿನ ಮೇಲೇ ಬೀಳುತ್ತಲ್ಲ?

ತೆವರಿ:

ಬೀಳುತ್ತೆ. ಆಗಸ್ಟಿನ 9:30ಕ್ಕೆ ಸೂರ್ಯ ನೆತ್ತಿಯಿಂದ 43 ಡಿಗ್ರಿ ಪೂರ್ವಕ್ಕಿರ್ತಾನೆ, 20 ಮೀಟರ್ ಮರಕ್ಕೆ ಸುಮಾರು 19 ಮೀಟರ್ ನೆರಳು, ನೇರ ಪಶ್ಚಿಮಕ್ಕೆ. ಆ ಅಗಲದ ಪಟ್ಟಿಯನ್ನು ಲೆಕ್ಕದಿಂದ ಕತ್ತರಿಸಿ. ನೆರಳು ತೆಗೆದರೂ ಬದುವಿನ ಪಕ್ಕದ ಮೂರು ನಾಲ್ಕು ಸಾಲು ಮಂಕಾಗೇ ಇರುತ್ತೆ, ಅಲ್ಲಿ ತೆಂಗಿನ ಬೇರು ನೀರು ಕುಡಿಯೋದರಿಂದ. ಆ ಪಟ್ಟಿಯೂ ಬೇಕೇಬೇಕು ಅಂದರೆ ಅದೇ ದಿನ ಮಧ್ಯಾಹ್ನ 3:15ಕ್ಕೆ ಬದುವಿನ ಉದ್ದಕ್ಕೆ ಮೂರು ಸಾಲು ಮಾತ್ರ ಹಾರಿಸಿ. ಆಗ ನೆರಳು ಆಚೆ ಪಕ್ಕದವರ ಗದ್ದೆಗೆ ತಿರುಗಿರುತ್ತೆ. ಪ್ಯಾನೆಲ್ ಫೋಟೊ ಮತ್ತೆ ಹೊಸದಾಗಿ ತೆಗೀಬೇಕು, ಬೆಳಗಿನದು ಆ ಹೊತ್ತಿಗೆ ನಡೆಯಲ್ಲ.